ಬಳೆಯ ಹೆಂಗಸು
14 ಜುಲೈ 2024, ಭಾನುವಾರ, ಧಾರವಾಡ

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಕರೆಂಟೂ ಇಲ್ಲ. ಟ್ರಂಕಿನಲ್ಲಿದ್ದ ಹಳೇ ಡೈರಿಗಳಿಗೆ ಒರಲೆ ಹತ್ತಿದೆಯೇನೋ ಅಂತ ತೆಗೆದು ಕೂತೆ. ಕೈಗೆ ಸಿಕ್ಕಿದ್ದು 2019ರದ್ದು.

ಆ ವರ್ಷ ಮಾರ್ಚ್ 19ಕ್ಕೆ ಇಲ್ಲಿನ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಆ ಸುದ್ದಿ ನನಗೆ ಹೇಗೆ ಗೊತ್ತಾಯ್ತು ಅಂತ ಯಾರೇ ಕೇಳಲಿ, ಥಟ್ಟನೆ ಹೇಳುತ್ತಿದ್ದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ನವನಗರ ದಾಟಿತ್ತು. ಪಕ್ಕದ ಸೀಟಿನ ಹೆಂಗಸು ಫೋನ್ ಹಿಡಿದುಕೊಂಡೇ "ಅಯ್ಯೋ ಶಿವನ" ಅಂತ ಚೀರಿದಳು. ಅವಳ ಹಸಿರು ಬಳೆ ಕೂಡ ಕಣ್ಣಿಗೆ ಕಟ್ಟಿದ ಹಾಗಿದೆ.

ಡೈರಿಯಲ್ಲಿರೋದೇ ಬೇರೆ. "ಇವತ್ತು ರಜೆ. ಅವ್ವನ ಜೋಡಿ ಮಾಳಿಗೆ ಮೇಲೆ ಶಾವಿಗೆ ಒಣಹಾಕಿದೆ. ಅಲ್ಲಿದ್ದಾಗಲೇ ತಮ್ಮನ ಫೋನ್ ಬಂತು." ನನ್ನದೇ ಅಕ್ಷರ!

ತಮ್ಮನಿಗೆ ಫೋನ್ ಹಚ್ಚಿದೆ. "ಹೌದಕ್ಕಾ, ನೀ ಮನ್ಯಾಗ ಇದ್ದಿ. ನಾನ ಹೇಳಿದ್ನೆಲ್ಲ ನಿನಗ" ಅಂದ. ಹಂಗಾದರೆ ಬಳೆಯ ಹೆಂಗಸು? ಮುಂದೆ ಯಾವತ್ತೋ ಬಸ್ಸಿನಲ್ಲಿ ಆ ಮಾತು ಬಂದಿರಬೇಕು, ಅಷ್ಟೇ.

1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಂದ "ಸುದ್ದಿ ಎಲ್ಲಿ ಕೇಳಿದಿರಿ" ಅಂತ ಬರೆಸಿಕೊಂಡಿದ್ದರು. ವರ್ಷಗಳ ಮೇಲೆ ಮತ್ತೆ ಅದನ್ನೇ ಕೇಳಿದರು. ಬಹಳ ಮಂದಿ ತಪ್ಪು ಹೇಳಿದರು, ಅದೂ ಎದೆ ತಟ್ಟಿಕೊಂಡು. ಅವರದೇ ಹಳೇ ಬರಹ ಮುಂದಿಟ್ಟರೂ ನೆನಪು ತಿರುಗಿ ಬರಲಿಲ್ಲ. ಇದನ್ನು ಓದಿ ನಕ್ಕಿದ್ದೆ ನಾನು!

ಎದೆ ಝಲ್ಲೆಂದಾಗ ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನು ಏರುತ್ತದೆ. ಮೆದುಳಿನಲ್ಲಿ ಬಾದಾಮಿಯಂಥ ಅಮಿಗ್ಡಲಾ ಇದೆಯಲ್ಲ, ಅದು ನೆನಪನ್ನು ಗಟ್ಟಿ ಮಾಡಿಸುತ್ತದೆ. ಆದರೆ ಗಟ್ಟಿಯಾಗೋದು ಜಾಸ್ತಿ ನಡುವಿನ ಸಂಗತಿ. ಸುತ್ತಲಿನದು ಸಡಿಲ. ಕಟ್ಟಡ ಬಿದ್ದದ್ದು ಗಟ್ಟಿ, ನಾನು ಎಲ್ಲಿದ್ದೆ ಅನ್ನೋದು ಸಡಿಲ.

ಇನ್ನೊಂದು. ಅದೇ ಡೈರಿಯಲ್ಲಿ ಗೆಳತಿಯ ಮದುವೆ ಇದೆ, ಉಣಕಲ್ ಕೆರೆ ದಂಡೆಯಲ್ಲಿ ತಿಂದ ಮಿರ್ಚಿಯಿದೆ. ಅವು ಇವತ್ತು ನೆನಪಿಗೇ ಬರಲಿಲ್ಲ. ಮನಸ್ಸು ಮಂಕಾಗಿದ್ದರೆ ಮಂಕು ದಿನಗಳೇ ಮೊದಲು ಎದ್ದು ಬರುತ್ತವೆ, ಅಲ್ವಾ? ಹಾಳು ಮಳೆ.

ಸಂಜೆ ಅವ್ವನಿಗೆ ಡೈರಿ ಓದಿ ಹೇಳಿದೆ.

"ಆ ವರ್ಷ ಶಾವಿಗಿ ಎಲ್ಲಿ ಹೊಸದಿದ್ವಿ? ಹಪ್ಪಳ ಮಾಡಿದ್ವಿ."

"ಇಲ್ಲಿ ಬರದೀನಲ್ಲವ್ವಾ."

"ತಪ್ಪ ಬರದಿ ಬಿಡು."