ಒಂದು ಅಕ್ಷರ ತಪ್ಪಿ ಕಂಪ್ಯೂಟರ್ ಏಳಲಿಲ್ಲ

16 ನವೆಂಬರ್ 2025, ಭಾನುವಾರ
ಬಸವನಗುಡಿ, ಬೆಂಗಳೂರು

ಅಜ್ಜಿಯ ಹಾಡುಗಳು ಕಾಪಿ ಆಗುತ್ತಿವೆ. ಅದು ಮುಗಿಯುವಷ್ಟರಲ್ಲಿ ಇವತ್ತಿನದನ್ನು ಬರೆದುಬಿಡುತ್ತೇನೆ.

ನಿನ್ನೆ ಎಸ್‌ಪಿ ರೋಡಿಗೆ ಹೋಗಿ ಒಂದು ಹಾರ್ಡ್‌ಡಿಸ್ಕ್ ತಂದೆ. ಅಜ್ಜಿ ಹೇಳಿದ ಸೋಬಾನೆ ಪದಗಳೆಲ್ಲ ಇದೊಂದೇ ಕಂಪ್ಯೂಟರಿನಲ್ಲಿವೆ, ಇನ್ನೊಂದು ಕಡೆಯೂ ಇರಲಿ ಅಂತ. ಅಜ್ಜಿಗೆ ಈಗ ಒಂದು ಪದ ಪೂರ್ತಿ ಹೇಳಲು ಉಸಿರು ಸಾಲುವುದಿಲ್ಲ. ಮತ್ತೆ ಕೂರಿಸಿ ಹಾಡಿಸುವ ಹಾಗಿಲ್ಲ.

ನನ್ನ ಕಂಪ್ಯೂಟರಿನಲ್ಲಿರುವುದು ಉಬುಂಟು, ವಿಂಡೋಸ್ ಬದಲಿಗೆ ಹಾಕಿಕೊಳ್ಳುವ ವ್ಯವಸ್ಥೆ. ಆನ್ ಮಾಡಿದಾಗಲೆಲ್ಲ ಹೊಸ ಡಿಸ್ಕ್ ತಾನಾಗಿಯೇ ಸಿಗಬೇಕಾದರೆ ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಿಗೆ ಒಂದು ಸಾಲು ಸೇರಿಸಬೇಕು. ಅದರಲ್ಲಿ ಡಿಸ್ಕಿನ ಯುಯುಐಡಿ, ಅಂದರೆ ಆ ಡಿಸ್ಕನ್ನು ಗುರುತಿಸುವ ಸಂಖ್ಯೆ, ಇರಬೇಕು. ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ 32 ಗುರುತು, ನಡುವೆ 4 ಅಡ್ಡಗೆರೆ. ಮುಖ್ಯವಾದದ್ದನ್ನು ಪುಸ್ತಕದಲ್ಲಿ ಬರೆದಿಡುವುದು ನನಗೆ ರೂಢಿ. ಇದನ್ನೂ ಬರೆದುಕೊಂಡೆ, ಪುಸ್ತಕ ನೋಡಿಕೊಂಡೇ ಟೈಪ್ ಮಾಡಿ ಮಲಗಿದೆ.

ಬೆಳಿಗ್ಗೆ ಕಂಪ್ಯೂಟರ್ ಏಳಲೇ ಇಲ್ಲ. ಎಸ್ಕೇಪ್ ಒತ್ತಿದರೆ ಸಾಲುಗಳು ಕಂಡವು. ಯಾವುದೋ ಡಿಸ್ಕಿಗಾಗಿ ಕಾಯುತ್ತಿತ್ತು, ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ. ಒಂದೂವರೆ ನಿಮಿಷ ಕಳೆದ ಮೇಲೆ ಎಮರ್ಜೆನ್ಸಿ ಮೋಡ್ ಅಂತ ಬಂತು. ರೂಟ್ ಅಕೌಂಟ್ (ಎಲ್ಲ ಅಧಿಕಾರ ಇರುವ ಖಾತೆ) ಲಾಕ್ ಆಗಿದೆ, ಎಂಟರ್ ಒತ್ತಿ ಅಂತ ತೋರಿಸಿತು. ಒತ್ತಿದರೆ ಮತ್ತೆ ಅದೇ. ಉಬುಂಟುವಿನಲ್ಲಿ ರೂಟ್‌ಗೆ ಮೊದಲಿಂದಲೂ ಪಾಸ್‌ವರ್ಡ್ ಇಟ್ಟಿರುವುದಿಲ್ಲ, ಹಾಗಾಗಿ ಸರಿಮಾಡಲು ಅಲ್ಲಿಂದ ಒಳಗೆ ಹೋಗುವುದಕ್ಕೂ ದಾರಿ ಕಾಣಲಿಲ್ಲ. ನನ್ನ ಕೈಕಾಲು ತಣ್ಣಗಾದವು.

ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ.

"ಫಾರ್ಮ್ಯಾಟ್ ಹೊಡೆದುಬಿಡೋಣ ಮೇಡಂ, ಅರ್ಧ ಗಂಟೆ ಕೆಲಸ."

"ಒಳಗಿರೋ ಫೈಲು?"

"ಅದು ಹೋಗುತ್ತೆ."

ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರಾ? ಕಂಪ್ಯೂಟರ್ ಏಳುತ್ತಿಲ್ಲ ಅಂದರೆ ಫೈಲುಗಳು ಹಾಳಾದವು ಅಂತ ಅಲ್ಲ. ಎಷ್ಟು ಮನೆಗಳ ಫೋಟೊಗಳು ಸುಮ್ನೆ ಹೀಗೇ ಅಳಿಸಿಹೋಗಿವೆಯೋ ಅಂತ ಸಂಕಟವಾಯಿತು. ಬೇಡ ಅಂದು ಫೋನ್ ಇಟ್ಟೆ.

ಮಹಡಿ ಮನೆಯ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ನೋಡೋಣ ಅಂತಾಯಿತು. ಅವನ ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಇಳಿಸಲು ಹಾಕಿದೆವು. 5 ಜಿಬಿಗಿಂತ ಜಾಸ್ತಿ ಇದೆ, ಹೊತ್ತು ಹಿಡಿಯಿತು. ನಾಳೆ ಕಡಲೆಕಾಯಿ ಪರಿಷೆ ಅಲ್ವಾ, ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ರಾಶಿ ಸುರಿದಿದ್ದಾರೆ. ಅವನು ಹೋಗಿ ಎರಡು ಸೇರು ತಂದ. "ಅಕ್ಕಾ, ಪೆನ್‌ಡ್ರೈವಲ್ಲಿ ಏನಾದ್ರೂ ಇದ್ರೆ ಮೊದ್ಲು ತೆಗೆದಿಡಿ, ಎಲ್ಲಾ ಅಳಿಸಿಹೋಗುತ್ತೆ" ಅಂದ. 8 ಜಿಬಿ ಪೆನ್‌ಡ್ರೈವ್ ಸಾಕಾಯಿತು.

ಅದನ್ನು ಚುಚ್ಚಿ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ, ಇನ್‌ಸ್ಟಾಲ್ ಬಿಟ್ಟು ಟ್ರೈ ಉಬುಂಟು ಒತ್ತಿದೆವು. ಆಗ ಎಲ್ಲ ಪೆನ್‌ಡ್ರೈವಿನಿಂದಲೇ ನಡೆಯುತ್ತದೆ, ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಆ ಡಿಸ್ಕ್ ತೆರೆದೆ. ಫೋಲ್ಡರ್ ಅಲ್ಲೇ ಇತ್ತು. ಒಂದು ಪದ ಹಾಕಿದೆ. ಎರಡನೇ ಸೊಲ್ಲಿಗೆ ಕುಕ್ಕರ್ ಕೂಗುತ್ತದೆ, ಅಜ್ಜಿ ಹಾಡು ನಿಲ್ಲಿಸಿ "ಅದನ್ನ ಇಳಿಸ್ರೇ" ಅನ್ನುತ್ತಾರೆ, ಮತ್ತೆ ಅದೇ ಶ್ರುತಿಗೆ ಬರುತ್ತಾರೆ. ಕಣ್ಣು ತುಂಬಿ ಬಂತು.

ಆಮೇಲೆ ತಪ್ಪು ಹುಡುಕಿದೆವು. ಪೆನ್‌ಡ್ರೈವಿನ ಉಬುಂಟುವಿಗೂ ಅದರದೇ ಒಂದು ಎಫ್‌ಎಸ್‌ಟ್ಯಾಬ್ ಇರುತ್ತದೆ. ಅವನು ಮೊದಲು ಅದನ್ನೇ ತೆರೆದಿದ್ದ. ನಮಗೆ ಬೇಕಾದದ್ದು ಒಳಗಿನ ಡಿಸ್ಕಿನದು. ಬಿಎಲ್‌ಕೆಐಡಿ ಕಮಾಂಡ್ ಕೊಟ್ಟರೆ ಡಿಸ್ಕುಗಳ ನಿಜವಾದ ಯುಯುಐಡಿ ಬರುತ್ತದೆ. ನಾನು ಪರದೆ ನೋಡಿದೆ, ಅವನು ಪುಸ್ತಕ ಹಿಡಿದು ಒಂದೊಂದೇ ಓದಿದ. ಒಂಬತ್ತನೆಯದಕ್ಕೆ "ಆರು" ಅಂದ. ಪರದೆಯಲ್ಲಿದ್ದದ್ದು ಬಿ. ನನ್ನ ಕೈಬರಹದ ಸಣ್ಣ ಬಿ ಥೇಟ್ ಆರರ ಹಾಗೇ ಇದೆ. ಇಲ್ಲದ ಡಿಸ್ಕಿಗೆ ಕಂಪ್ಯೂಟರ್ ಕಾದು ಕೂತಿತ್ತು.

ಆ ಒಂದು ಅಕ್ಷರ ತಿದ್ದಿದೆ. ಅದೇ ಸಾಲಿಗೆ ನೋಫೇಲ್ ಅಂತಲೂ ಸೇರಿಸಿದೆ. ಇದಿದ್ದರೆ ಡಿಸ್ಕ್ ಸಿಗದಿದ್ದರೂ ಕಂಪ್ಯೂಟರ್ ಏಳುತ್ತದೆ. ಪೆನ್‌ಡ್ರೈವ್ ತೆಗೆದು ಆನ್ ಮಾಡಿದರೆ ಎಂದಿನ ಹಾಗೆ ಬಂತು. ಆ ಫೈಲಿನಲ್ಲಿರುವ ಡಿಸ್ಕುಗಳನ್ನೆಲ್ಲ ಜೋಡಿಸಿ ನೋಡುವ ಮೌಂಟ್ ಮೈನಸ್ ಎ ಕಮಾಂಡನ್ನು ರಾತ್ರಿಯೇ ಕೊಟ್ಟಿದ್ದರೆ ಈ ಡಿಸ್ಕ್ ಸಿಗುತ್ತಿಲ್ಲ ಅಂತ ಅದೇ ಹೇಳುತ್ತಿತ್ತು. ಇವತ್ತು ಕೊಟ್ಟು ನೋಡಿದೆ, ತಕರಾರಿಲ್ಲ.

ಪುಸ್ತಕದಲ್ಲಿ ಆ ಅಕ್ಷರದ ಮೇಲೆ ಕೆಂಪು ಶಾಯಿಯಲ್ಲಿ "ಬಿ" ಅಂತ ಕನ್ನಡದಲ್ಲಿ ಬರೆದಿದ್ದೇನೆ. ಇನ್ನು ಆರು ಪದ ಕಾಪಿ ಆಗಬೇಕು.