ಮೇಲೆ ಹೋದಂತೆ ಅರಳುವ ಮನೆ: ಕ್ರೇಗಿವಾರ್

14 ಜೂನ್ 2025, ಶನಿವಾರ

ಇವತ್ತು ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿ, ಆಲ್ಫರ್ಡ್ ಊರಿನ ಹತ್ತಿರ ಇರುವ ಕ್ರೇಗಿವಾರ್ ನೋಡಿ ಬಂದೆ. ಕೋಟೆ ಅಂತ ಹೆಸರು, ಆದರೆ ಇದು ಸೈನ್ಯ ಇಡೋ ಜಾಗ ಅಲ್ಲ, ಒಂದು ಕುಟುಂಬ ಬಾಳಿದ ಮನೆ. ಕೋಣೆಗಳನ್ನು ಅಕ್ಕಪಕ್ಕ ಹರಡುವ ಬದಲು ಒಂದರ ಮೇಲೊಂದು ಪೇರಿಸಿದ್ದಾರೆ. ಇಂಥ ಮನೆಗೆ ಟವರ್ ಹೌಸ್ ಅಂತಾರೆ.

ಕಟ್ಟೋಕೆ ಶುರು ಮಾಡಿದ್ದು ಮಾರ್ಟಿಮರ್ ಮನೆತನ, 16ನೇ ಶತಮಾನದ ಕೊನೆಯ ಹೊತ್ತಿಗೆ. ಅವರ ಕೈಲಿ ಮುಗಿಸೋಕೆ ಆಗಲಿಲ್ಲ. 1610ರಲ್ಲಿ ಇದನ್ನು ಕೊಂಡವನು ವಿಲಿಯಂ ಫೋರ್ಬ್ಸ್, ಬಾಲ್ಟಿಕ್ ಸಮುದ್ರದ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಡಾನ್‌ಜಿಗ್ ಬಂದರಿನ ನಂಟಿಗೆ ಜನ ಅವನನ್ನು ‘ಡಾನ್‌ಜಿಗ್ ವಿಲ್ಲಿ’ ಅಂತಲೇ ಕರೆಯುತ್ತಿದ್ದರು. 1626ರಲ್ಲಿ ಕೆಲಸ ಮುಗಿಸಿದ. ಮರುವರ್ಷವೇ ತೀರಿಕೊಂಡ, ಪಾಪ.

ಹೊರಗೆ ನಿಂತು ಬುಡದಿಂದ ತುದಿವರೆಗೆ ಕಣ್ಣು ಹಾಯಿಸಬೇಕು. ಕೆಳಗೆ ಗೋಡೆ ಬೋಳು ಬೋಳು, ಕಿಟಕಿಗಳು ಚಿಕ್ಕವು. ಇಂಗ್ಲಿಷ್ ಎಲ್ ಅಕ್ಷರದ ಆಕಾರದ ಕಟ್ಟಡ, ಎರಡು ಭಾಗ ಸೇರುವ ಒಳಮೂಲೆಯಲ್ಲಿ ಬಾಗಿಲು, ಅದರ ಹಿಂದೆ ‘ಯೆಟ್’ ಅನ್ನುವ ಕಬ್ಬಿಣದ ಜಾಲರಿ. ಯಾರನ್ನೂ ನಂಬದ ಬುಡ. ನಾಲ್ಕನೇ ಅಂತಸ್ತು ದಾಟಿದ ಮೇಲೆ ನೋಡಿ, ಮೂಲೆಮೂಲೆಗೂ ಗುಂಡನೆಯ ಪುಟ್ಟ ಗೋಪುರಗಳು ಗೋಡೆಯಿಂದ ಹೊರಚಾಚಿವೆ, ಅವುಗಳನ್ನು ಹೊತ್ತ ಕಲ್ಲುಗಳಲ್ಲಿ ಸಾಲುಸಾಲು ಕೆತ್ತನೆ, ಮೇಲೆ ಚೂಪು ಟೋಪಿಯಂಥ ಮಾಡುಗಳು. ದಾಳಿಯ ಭಯ ಕಡಿಮೆಯಾದ ಕಾಲದಲ್ಲಿ ಚೆಂದಕ್ಕೆ ಅಂತಲೇ ಕಟ್ಟಿದ್ದು ಇದು ಅಂತ ನನಗನಿಸುತ್ತೆ. ಹಳೆ ಅಂಜಿಕೆ, ಹೊಸ ಸಂತೋಷ ಎರಡೂ ಒಂದೇ ಗೋಡೆಯಲ್ಲಿ ಕಾಣುತ್ತೆ ಅಲ್ವಾ?

ಒಳಗಿನ ದೊಡ್ಡ ಹಾಲ್‌ನ ಚಾವಣಿ ಪೂರ್ತಿ ಗಾರೆಯ ಅಲಂಕಾರ. ಒಲೆಯ ಮೇಲೆ ರಾಜಲಾಂಛನ. ಮೇಲಿನ ಅಂತಸ್ತುಗಳಲ್ಲಿ ಇವತ್ತಿಗೂ ವಿದ್ಯುತ್ ದೀಪ ಹಾಕಿಲ್ಲ, ಕಿಟಕಿಯಿಂದ ಬಂದಷ್ಟೇ ಬೆಳಕು. ನನಗೆ ಈ ನಿರ್ಧಾರ ತುಂಬಾ ಹಿಡಿಸಿತು. ಆ ಚಾವಣಿಯ ಉಬ್ಬುತಗ್ಗು ಓರೆ ಬೆಳಕಿನಲ್ಲೇ ಚೆನ್ನಾಗಿ ಕಾಣೋದು.

1963ರಿಂದ ಮನೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅನ್ನುವ, ಹಳೆ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯ ಕೈಯಲ್ಲಿದೆ. ಹೊರಗಿನ ಗುಲಾಬಿ ಬಣ್ಣ 19ನೇ ಶತಮಾನದ್ದು. 20ನೇ ಶತಮಾನದಲ್ಲಿ ಮೆತ್ತಿದ ಸಿಮೆಂಟ್ ಬೆರೆತ ಗಾರೆ ನೀರನ್ನು ಗೋಡೆಯೊಳಗೇ ಹಿಡಿದಿಟ್ಟುಕೊಳ್ಳುತ್ತಿತ್ತು. ಅದನ್ನೆಲ್ಲ ಕೆತ್ತಿ ತೆಗೆದು ಸುಣ್ಣದ ಗಾರೆ ಮಾಡಿದರು. ಸುಣ್ಣ ಉಸಿರಾಡುತ್ತೆ, ಒಳಗಿನ ತೇವ ಹೊರಗೆ ಹೋಗುತ್ತೆ. ಆದರೆ ಇಲ್ಲಿನ ಮಳೆ, ಹಿಮಕ್ಕೆ ಸುಣ್ಣದ ಬಣ್ಣ ಬೇಗ ತೊಳೆದುಹೋಗುತ್ತೆ, ಹಾಗಾಗಿ ಈಚೆಗೆ ಮತ್ತೆ ಮನೆ ಮುಚ್ಚಿ, ಸುತ್ತ ಅಟ್ಟಣಿಗೆ ಕಟ್ಟಿ ಹೊಸದಾಗಿ ಬಳಿದು 2024ರಲ್ಲಿ ತೆರೆದರು.

ಹೋಗುವವರಿಗೆ ಒಂದು ಮಾತು: ಗೈಡ್ ಜೊತೆಗೇ ಒಳಗೆ ಬಿಡೋದು, ಮೆಟ್ಟಿಲು ತುಂಬಾ ಕಿರಿದು, ಮೊಣಕಾಲು ನೋವಿದ್ದರೆ ಯೋಚಿಸಿ. ಹಾಲ್‌ನಲ್ಲಿ ಮಾತ್ರ ಅವಸರ ಮಾಡಬೇಡಿ.