ಗಂಜ್‌ನಿಂದ ತಂದ ಗೇಮಿಂಗ್ ಲ್ಯಾಪ್‌ಟಾಪ್‌ಗೆ ನಾಲ್ಕು ಕೋರ್

ಡಿಸೆಂಬರ್: ಹುಡುಕಾಟ

ಅಕ್ಕನ ಮಗ ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾನೆ. ಅವನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಹೊಸದಕ್ಕೆ ಅರವತ್ತು ಎಪ್ಪತ್ತು ಸಾವಿರ ಸುರಿಯೋ ಸ್ಥಿತಿ ಮನೆಯಲ್ಲಿಲ್ಲ. ನನಗೋ ಲ್ಯಾಪ್‌ಟಾಪ್ ಪ್ರೊಸೆಸರನ್ನು ಕೈಯಾರೆ ಬದಲಿಸಿ ನೋಡಬೇಕು ಅನ್ನೋ ಹಳೇ ಹುಚ್ಚು. ಎರಡನ್ನೂ ಸೇರಿಸಿ ಈ ಪ್ರಾಜೆಕ್ಟ್ ಕೈಗೆತ್ತಿಕೊಂಡೆವು. ಎಲ್ಲಾ ಸೇರಿ ಇಪ್ಪತ್ತು ಸಾವಿರದೊಳಗೆ ಮುಗಿಸಬೇಕು ಅಂತ ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು.

ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ರಿಪೇರಿ ಅಂಗಡಿಯಲ್ಲಿ ಕೇಳಿದರೆ ಅವರು ನಕ್ಕರು. "ಲ್ಯಾಪ್‌ಟಾಪ್‌ದಾಗ ಪ್ರೊಸೆಸರ್ ಚೇಂಜ್ ಆಗಂಗಿಲ್ರೀ ಸರ್, ಅದೆಲ್ಲಾ ಡೆಸ್ಕ್‌ಟಾಪ್‌ದಾಗ."

ಈಗಿನ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಅವರ ಮಾತು ಖರೆ. ಈಗ ಪ್ರೊಸೆಸರನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಚಿಪ್‌ನ ಹೊಟ್ಟೆಯಲ್ಲಿ ಸಣ್ಣ ಸಣ್ಣ ಸೀಸದಂಥ ಗುಂಡುಗಳ ಸಾಲು ಇರುತ್ತದೆ, ಅದಕ್ಕೆ ಬಿಜಿಎ ಅಂತಾರೆ. ಅದನ್ನು ಎಬ್ಬಿಸೋಕೆ ಬಿಸಿಗಾಳಿಯ ರೀವರ್ಕ್ ಸ್ಟೇಷನ್ ಬೇಕು, ಪಳಗಿದ ಕೈ ಬೇಕು. ಮನೆಯಲ್ಲಿ ಆಗೋ ಕೆಲಸ ಅಲ್ಲ. ಸಾಕೆಟ್, ಅಂದ್ರೆ ಚಿಪ್ ಕೂರಿಸಿ ತೆಗೆಯೋ ಗೂಡು, ಇದ್ದ ಕಾಲ ಬೇರೆ. 2011ರ ಸ್ಯಾಂಡಿ ಬ್ರಿಡ್ಜ್, 2012ರ ಐವಿ ಬ್ರಿಡ್ಜ್, 2013ರ ಹ್ಯಾಸ್‌ವೆಲ್, ಅಂದ್ರೆ ಇಂಟೆಲ್‌ನ ಎರಡನೇ, ಮೂರನೇ, ನಾಲ್ಕನೇ ತಲೆಮಾರಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪಿನ್ ಇರುವ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂತಿರುತ್ತಿತ್ತು. ಹ್ಯಾಸ್‌ವೆಲ್‌ಗೇ ಅದು ಕೊನೆ. ಆಮೇಲೂ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದ ಕೆಲವು ದೈತ್ಯ ಲ್ಯಾಪ್‌ಟಾಪ್ ಬಂದವು, 2019ರ ಏಲಿಯನ್‌ವೇರ್ ಏರಿಯಾ-51ಎಂ ಅಂಥದ್ದು. ಅದರ ಬೆಲೆ ನಮ್ಮ ಮಾತಿಗೆ ಬರೋದಲ್ಲ.

ಹಾಗಾಗಿ ನಾಲ್ಕನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪೇ ನಮ್ಮ ಗುರಿ. ಇಲ್ಲಿ ಹೆಸರಿನ ಬಾಲ ನೋಡಬೇಕು. ನಾಲ್ಕನೇ ತಲೆಮಾರಿನಲ್ಲಿ ಎಂ, ಎಂಕ್ಯೂ ಅಂತಿದ್ದರೆ ಸಾಕೆಟ್. ಎಚ್, ಎಚ್‌ಕ್ಯೂ, ಯು ಅಂತಿದ್ದರೆ ಬೆಸುಗೆ. ಮೂರನೇ ತಲೆಮಾರಿನಲ್ಲಿ ಇಷ್ಟು ಸಲೀಸಿಲ್ಲ, ಐ5-3210ಎಂ ಥರದ ಚಿಪ್ ಎರಡೂ ರೂಪದಲ್ಲಿ ಬಂದಿದೆ. ಅದಕ್ಕೆ ಮಾರೋರಿಗೆ ನಾನು ಕೇಳುತ್ತಿದ್ದದ್ದು ಒಂದೇ: ಸಿಪಿಯು-ಝಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಪ್ಯಾಕೇಜ್ ಅನ್ನೋ ಸಾಲಿನ ಫೋಟೋ ಕಳಿಸಿ. ಅಲ್ಲಿ 947 ಆರ್‌ಪಿಜಿಎ (ಅದೇ ಸಾಕೆಟ್‌ನ ಗುರುತು) ಅಂತಿದ್ದರೆ ಮುಂದಿನ ಮಾತು. ಬಿಜಿಎ ಅಂತಿದ್ದರೆ ನಮಸ್ಕಾರ. "ಐ7 ಗೇಮಿಂಗ್ ಲ್ಯಾಪ್‌ಟಾಪ್, ಸೂಪರ್ ಫಾಸ್ಟ್" ಅಂತ ಜಾಹೀರಾತು ಹಾಕಿದ್ದ ಎಷ್ಟೋ ಮಷಿನ್‌ಗಳು ಫೋಟೋ ಬಂದ ಮೇಲೆ ಎರಡೇ ಕೋರಿನ, ಅಂದ್ರೆ ಲೆಕ್ಕ ಮಾಡೋ ಘಟಕ ಎರಡೇ ಇರುವ, ಯು ಆಗಿದ್ದವು. ಐ7 ಅನ್ನೋ ಸ್ಟಿಕ್ಕರ್‌ಗೆ ಜನ ಕೊಡೋ ಬೆಲೆ ನೋಡಿದರೆ ಆಶ್ಚರ್ಯ.

ಜನವರಿ: ಖರೀದಿ

ಸಿಕ್ಕಿದ್ದು ನಮ್ಮೂರಲ್ಲೇ, ನೆಹರು ಗಂಜ್‌ನಲ್ಲಿ. ಅಡತಿ ಅಂಗಡಿಯವರ ಮಗ ಕಾಲೇಜಿಗೆ ಅಂತ ತಗೊಂಡಿದ್ದ ಲೆನೊವೊ ವೈ510ಪಿ. ಮಗ ಕೆಲಸಕ್ಕೆ ಪುಣೆಗೆ ಹೋದ ಮೇಲೆ ಅದು ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯೋಕೆ ಬಿತ್ತು. ಐ5-4200ಎಂ ಪ್ರೊಸೆಸರ್, 2 ಜಿಬಿಯ ಜಿಟಿ 750ಎಂ ಗ್ರಾಫಿಕ್ಸ್, 8 ಜಿಬಿ ರ‍್ಯಾಮ್, 15.6 ಇಂಚಿನ ಫುಲ್ ಎಚ್‌ಡಿ ಪರದೆ. ಹಿಂಜ್ ಗಟ್ಟಿ ಇದೆ, ಪರದೆಯಲ್ಲಿ ಕಲೆ ಇಲ್ಲ, ಚಾರ್ಜರ್ ಕಂಪನಿಯದ್ದೇ. ಬ್ಯಾಟರಿ ಮಾತ್ರ ಹೆಸರಿಗೆ. ಚೌಕಾಸಿ ಮಾಡಿ ಹನ್ನೊಂದು ಸಾವಿರಕ್ಕೆ ಇಳಿಸಿದೆವು.

ಈ ಮಾಡೆಲ್ ಆರಿಸೋಕೆ ಕಾರಣ ಇದೆ. ಇದೇ ವೈ510ಪಿ ಆಗ ಐ7-4700ಎಂಕ್ಯೂ ಹಾಕಿಕೊಂಡೂ ಮಾರಾಟವಾಗಿತ್ತು. ಅಂದ್ರೆ ಬಯಾಸ್‌ಗೆ (ಆನ್ ಮಾಡಿದ ಕೂಡಲೇ ಬೋರ್ಡಿನಲ್ಲಿ ಓಡೋ ಮೊದಲ ಸಾಫ್ಟ್‌ವೇರ್) ನಾಲ್ಕು ಕೋರಿನ ಚಿಪ್ ಗುರುತು ಸಿಗುತ್ತದೆ, ಬೋರ್ಡಿನ ಪವರ್ ಭಾಗ ಅದನ್ನು ತಾಳಿಕೊಳ್ಳುತ್ತದೆ. ಸಾಕೆಟ್ ಹೊಂದಿದರೆ ಸಾಕು ಅನ್ನೋದು ಅರ್ಧ ಸತ್ಯ. ಬಯಾಸ್ ಒಪ್ಪದಿದ್ದರೆ ಸಾಕೆಟ್ ಇದ್ದೂ ಪರದೆ ಕಪ್ಪಗೇ ಉಳಿಯುತ್ತದೆ. ನೀವು ಕೊಳ್ಳೋ ಮಾಡೆಲ್ ದೊಡ್ಡ ಚಿಪ್ ಜೊತೆ ಬಂದಿತ್ತಾ ಅಂತ ಮೊದಲು ನೋಡಿ.

ಗ್ರಾಫಿಕ್ಸ್ ಚಿಪ್ ಬೆಸುಗೆಯದ್ದೇ, ಅದನ್ನು ಮುಟ್ಟೋಕೆ ಬರಲ್ಲ. ಎನ್ವಿಡಿಯಾ ಕಂಪನಿಯ ಹಳೇ ಕೆಪ್ಲರ್ ತಲೆಮಾರಿನದು, ಹೊಸ ಡ್ರೈವರ್ ಬರೋದು ಯಾವತ್ತೋ ನಿಂತಿದೆ. ಇತ್ತೀಚಿನ ದೊಡ್ಡ ಆಟಗಳ ಆಸೆ ಬಿಡು ಅಂತ ಹುಡುಗನಿಗೆ ಆಗಲೇ ಹೇಳಿದೆ. ಅವನಿಗೆ ಬೇಕಾದದ್ದು ಜಿಟಿಎ 5 ಮತ್ತು ಸಿಟೀಸ್ ಸ್ಕೈಲೈನ್ಸ್. ಪಿಸಿಯಲ್ಲಿ ಎರಡೂ 2015ರವು, ಎರಡೂ ಪ್ರೊಸೆಸರ್‌ನ ಜೀವ ಹಿಂಡುವಂಥವು. ನಮ್ಮ ಪ್ರಯೋಗಕ್ಕೆ ಹೇಳಿ ಮಾಡಿಸಿದ ಆಟಗಳು.

ಹಾರ್ಡ್ ಡಿಸ್ಕ್ ತೆಗೆದು 480 ಜಿಬಿ ಎಸ್‌ಎಸ್‌ಡಿ ಹಾಕಿದೆವು. ಅದರ ಬಗ್ಗೆ ಬರೆಯೋದೇನಿಲ್ಲ, ಹತ್ತು ನಿಮಿಷದ ಕೆಲಸ.

ಫೆಬ್ರವರಿ: ಯಾವ ಚಿಪ್?

ಇಲ್ಲೇ ಮನೆಯಲ್ಲಿ ವಾದ ನಡೆದದ್ದು. ಹುಡುಗನ ಮನಸ್ಸು 4700ಎಂಕ್ಯೂ ಮೇಲೆ. "ಮಾಮಾ, ಅದು 3.4 ಗಿಗಾಹರ್ಟ್ಸ್ ಅದ, ನೀ ಹೇಳೋದು ಬರೇ 3.2." ನಾನು ಹೇಳುತ್ತಿದ್ದದ್ದು ಐ7-4702ಎಂಕ್ಯೂ. ಎರಡಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್ (ಒಂದೇ ಸಲಕ್ಕೆ ಎಂಟು ಕೆಲಸ), 6 ಎಂಬಿ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ). ವ್ಯತ್ಯಾಸ ಇರೋದು ವ್ಯಾಟ್‌ನಲ್ಲಿ. 4700ಎಂಕ್ಯೂ 47 ವ್ಯಾಟ್, 4702ಎಂಕ್ಯೂ 37 ವ್ಯಾಟ್.

ಮತ್ತೆ ಹಳೇ ಐ5-4200ಎಂ ಎಷ್ಟು? ಅದೂ 37 ವ್ಯಾಟೇ! ಎರಡು ಕೋರ್ ತಿನ್ನುತ್ತಿದ್ದ ಕರೆಂಟಿನಲ್ಲೇ ನಾಲ್ಕು ಕೋರ್ ಓಡುತ್ತವೆ. ಚಿಪ್‌ನ ಬಿಸಿ ಹೀರೋ ಹೀಟ್‌ಸಿಂಕ್ ಮೇಲೆ, ಚಾರ್ಜರ್ ಮೇಲೆ ಹೊಸ ಹೊರೆ ಬೀಳಲ್ಲ. ಬೆಂಗಳೂರಿನಲ್ಲಿದ್ದರೆ ನಾನೂ 47 ವ್ಯಾಟ್‌ನದ್ದೇ ಹಾಕುತ್ತಿದ್ದೆನೇನೋ. ಕಲಬುರಗಿಯಲ್ಲಿ ಏಪ್ರಿಲ್ ಬಂದರೆ ಹೊರಗೆ 42 ಡಿಗ್ರಿ ದೊಡ್ಡ ವಿಷಯವೇ ಅಲ್ಲ. ಲ್ಯಾಪ್‌ಟಾಪ್ ಕಂಪನಿಗಳು ಸಾಮಾನ್ಯವಾಗಿ 35 ಡಿಗ್ರಿವರೆಗಿನ ಕೋಣೆ ಅಂತ ಲೆಕ್ಕ ಹಿಡಿದಿರುತ್ತವೆ. ನಮ್ಮಲ್ಲಿ ಮಾರ್ಚ್‌ನಲ್ಲೇ ಮಧ್ಯಾಹ್ನ ಆ ಗೆರೆ ದಾಟುತ್ತೇವೆ.

ಬಯಾಸ್ ಬಗ್ಗೆಯೂ ಯೋಚಿಸಬೇಕಿತ್ತು. ಈ ಮಾಡೆಲ್ 4702 ಜೊತೆ ಬಂದದ್ದು ನಾನು ನೋಡಿಲ್ಲ. ಆದರೆ ಬಯಾಸ್ ನೋಡೋದು ಚಿಪ್‌ನ ಸಿಪಿಯು ಐಡಿಯನ್ನು. 4200ಎಂ, 4700ಎಂಕ್ಯೂ, 4702ಎಂಕ್ಯೂ ಮೂರಕ್ಕೂ ಐಡಿ ಒಂದೇ, 306ಸಿ3. ಒಳಗಿನ ಗ್ರಾಫಿಕ್ಸ್ ಕೂಡ ಮೂರರಲ್ಲೂ ಎಚ್‌ಡಿ 4600. ಧೈರ್ಯ ಮಾಡಿದೆ.

ಚಿಪ್ ತರೋಕೆ ವಾಡಿ, ತಾಂಡೂರು, ವಿಕಾರಾಬಾದ್ ಹಾದು ಹೋಗೋ ರೈಲು ಹಿಡಿದು ಸಿಕಂದರಾಬಾದ್‌ಗೆ ಹೋದೆ. ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ. ಈ ಭಾಗದವರಿಗೆ ಕಂಪ್ಯೂಟರ್ ಸಾಮಾನಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಹಳೇ ಲ್ಯಾಪ್‌ಟಾಪ್ ಬಿಚ್ಚಿ ಬಿಡಿಭಾಗ ಮಾರುವ ಒಂದು ಸಣ್ಣ ಅಂಗಡಿಯಲ್ಲಿ ಡಬ್ಬಿ ತುಂಬ ಚಿಪ್ ಇದ್ದವು. ಮೊದಲು ಕೈಗಿಟ್ಟದ್ದರ ಮೇಲೆ ಕ್ಯೂ ಅಕ್ಷರದಿಂದ ಶುರುವಾಗೋ ನಾಲ್ಕಕ್ಷರದ ಕೋಡ್ ಇತ್ತು. ಅದು ಇಂಜಿನಿಯರಿಂಗ್ ಸ್ಯಾಂಪಲ್, ಮಾರಾಟಕ್ಕೆ ಬರೋ ಮುಂಚಿನ ಪರೀಕ್ಷೆಯ ಚಿಪ್. ಅಗ್ಗಕ್ಕೆ ಸಿಗುತ್ತದೆ, ಬಯಾಸ್ ಜೊತೆ ಜಗಳ ಆಡುತ್ತದೆ. ವಾಪಸ್ ಕೊಟ್ಟು ಎಸ್‌ಆರ್15ಜೆ ಅಂತ ಬರೆದದ್ದನ್ನು ಹುಡುಕಿಸಿದೆ. ಅದೇ 4702ಎಂಕ್ಯೂ ಗುರುತು. ಪಿನ್‌ಗಳ ಸಾಲನ್ನು ಬೆಳಕಿಗೆ ಓರೆ ಹಿಡಿದು ನಾಲ್ಕೂ ಕಡೆಯಿಂದ ನೋಡಿದೆ. ಒಂದು ಪಿನ್ ಬಾಗಿದ್ದರೂ ಸಾಲು ತಪ್ಪಿದ್ದು ಕಣ್ಣಿಗೆ ಬೀಳುತ್ತದೆ. ಮೂರು ಸಾವಿರದ ಆಸುಪಾಸಿಗೆ ಕೊಟ್ಟರು. ಜೊತೆಗೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸೋ ಒಂದು ಆರ್ಕ್ಟಿಕ್ ಎಂಎಕ್ಸ್-4 ಪೇಸ್ಟ್.

ಮಾರ್ಚ್: ಬಿಚ್ಚಿದ್ದು

ಭಾನುವಾರ ಬೆಳಿಗ್ಗೆ, ಬಿಸಿಲು ಏರೋ ಮುಂಚೆ. ಹಳೇ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಿದ್ದೆ. ಸ್ವಲ್ಪ ಹೊತ್ತು ವಿಡಿಯೋ ಓಡಿಸಿ ಲ್ಯಾಪ್‌ಟಾಪ್ ಬೆಚ್ಚಗೆ ಮಾಡಿದೆವು, ಒಣಗಿದ ಪೇಸ್ಟ್ ಮೆತ್ತಗಾಗಲಿ ಅಂತ. ಆಮೇಲೆ ಬಂದ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿದೆವು.

ಈ ಒಣಹವೆಯಲ್ಲಿ ಸ್ಟ್ಯಾಟಿಕ್, ಅಂದ್ರೆ ಬಟ್ಟೆ ಉಜ್ಜಿ ಮೈಯಲ್ಲಿ ಹುಟ್ಟೋ ಕರೆಂಟ್, ಜಾಸ್ತಿ. ಟೆರಿಕಾಟ್ ಅಂಗಿ ಬೇಡ, ಹಾಸಿಗೆ ಮೇಲೆ ಕೂತು ಮಾಡೋದು ಬೇಡವೇ ಬೇಡ. ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ಕೂತು, ಆಗಾಗ ಕಬ್ಬಿಣದ ಕಿಟಕಿ ಸರಳು ಮುಟ್ಟುತ್ತಾ ಕೆಲಸ ಮಾಡಿದೆವು.

ಕೆಳಗಿನ ಮುಚ್ಚಳ ಬಿಚ್ಚಿದರೆ ಫ್ಯಾನ್ ಪೂರ್ತಿ ತೊಗರಿ ಧೂಳು! ಹೀಟ್‌ಸಿಂಕ್ ರೆಕ್ಕೆಗಳ ಮುಂದೆ ದಪ್ಪ ಕಂಬಳಿ ಹೊದಿಸಿದ ಹಾಗೆ ಗಟ್ಟಿಯಾಗಿತ್ತು. ಗಾಳಿ ಹೋಗೋಕೆ ದಾರಿಯೇ ಇರಲಿಲ್ಲ. ಅಕ್ಕ ಬಂದು ನೋಡಿ, "ಇಷ್ಟು ತೊಗರಿ ಇದ್ರ ಬ್ಯಾಳಿ ಮಾಡಬಹುದಿತ್ತು" ಅಂದಳು. ಬ್ರಷ್‌ನಿಂದ ಬಿಡಿಸಿ, ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೆವು. ಬಿಟ್ಟರೆ ಅದು ಅಡ್ಡಾದಿಡ್ಡಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ನಂಬರ್ ಇರುತ್ತದೆ. ಬಿಚ್ಚುವಾಗ ದೊಡ್ಡ ನಂಬರಿನಿಂದ ಸಣ್ಣದಕ್ಕೆ, ಹಾಕುವಾಗ ಒಂದರಿಂದ ಮೇಲಕ್ಕೆ, ಸ್ವಲ್ಪ ಸ್ವಲ್ಪವೇ. ಲ್ಯಾಪ್‌ಟಾಪ್ ಪ್ರೊಸೆಸರ್ ಮೇಲೆ ಡೆಸ್ಕ್‌ಟಾಪ್‌ನಲ್ಲಿ ಇರುವಂಥ ಲೋಹದ ಟೋಪಿ ಇಲ್ಲ, ಸಿಲಿಕಾನ್ ಬರಿಮೈಯಲ್ಲೇ ಇರುತ್ತದೆ. ಒಂದು ಮೂಲೆ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೆ ಅಂಚು ಚೂರಾಗುವ ಭಯ. ಗ್ರಾಫಿಕ್ಸ್ ಚಿಪ್‌ಗೂ ಇದೇ ತಾಮ್ರದ ಕೊಳವೆ, ಇದೇ ಫ್ಯಾನ್. ಹಾಗಾಗಿ ಅದಕ್ಕೂ ಹೊಸ ಪೇಸ್ಟ್ ಹಚ್ಚಲೇಬೇಕು. ಮೆಮೊರಿ ಚಿಪ್ ಮೇಲಿನ ಮೆತ್ತನೆ ಪ್ಯಾಡ್ ಹರಿಯದ ಹಾಗೆ ಎತ್ತಬೇಕು.

ನಿಜವಾದ ಬದಲಾವಣೆ ಇಡೀ ಕೆಲಸದಲ್ಲಿ ಅತಿ ಸಣ್ಣದು. ಸಾಕೆಟ್ ಬದಿಯಲ್ಲಿ ಒಂದು ಚಪ್ಪಟೆ ಸ್ಕ್ರೂ. ಅದನ್ನು ಬೀಗ ತೆರೆದ ಚಿತ್ರದ ಕಡೆ ಅರ್ಧ ಸುತ್ತು ತಿರುಗಿಸಿದರೆ ಚಿಪ್ ತಾನೇ ಸಡಿಲ. ಎತ್ತಿದೆ. ಹೊಸದರ ಮೂಲೆಯ ತ್ರಿಕೋನವನ್ನು ಸಾಕೆಟ್ ತ್ರಿಕೋನಕ್ಕೆ ಸರಿಮಾಡಿ ಇಟ್ಟೆ. ತನ್ನ ಭಾರಕ್ಕೇ ಅದು ಕೂತುಬಿಟ್ಟಿತು. ಕೂರದಿದ್ದರೆ ಒತ್ತಬಾರದು, ಎತ್ತಿ ಮತ್ತೆ ಇಡಬೇಕು. ಸ್ಕ್ರೂ ವಾಪಸ್ ತಿರುಗಿಸಿದರೆ ಮುಗಿಯಿತು.

ಎರಡೂ ಚಿಪ್ ಪಕ್ಕಪಕ್ಕ ಇಟ್ಟಾಗ ಹುಡುಗ ಗಮನಿಸಿದ. ಹೊಸದರ ಸಿಲಿಕಾನ್ ಉದ್ದ. ನಾಲ್ಕು ಕೋರಿನ ಹ್ಯಾಸ್‌ವೆಲ್ 177 ಚದರ ಮಿಲಿಮೀಟರ್, ಎರಡು ಕೋರಿನದು 130. ಹೀಟ್‌ಸಿಂಕ್ ತಾಮ್ರದ ಮೇಲೆ ಹಳೇ ಪೇಸ್ಟ್ ಅಚ್ಚು ಚಿಕ್ಕದಾಗಿ ಕಾಣುತ್ತಿತ್ತು. ತಾಮ್ರದ ತಟ್ಟೆ ದೊಡ್ಡದೇ ಇದೆ, ಹೊಸ ಚಿಪ್ ಪೂರ್ತಿ ಮುಚ್ಚುತ್ತದೆ. ಉದ್ದನೆ ಚಿಪ್ ಆದ್ದರಿಂದ ನಡುವೆ ಒಂದು ಬೊಟ್ಟು ಇಡದೆ ಉದ್ದಕ್ಕೂ ತೆಳುವಾಗಿ ಪೇಸ್ಟ್ ಸವರಿದೆವು.

ಮೊದಲ ಸಲ ಆನ್ ಮಾಡಿದಾಗ ಪರದೆ ಬರೋಕೆ ಸ್ವಲ್ಪ ತಡವಾಯಿತು. ಹುಡುಗನ ಮುಖ ಬಾಡಿತು. ಆಮೇಲೆ ಲೆನೊವೊ ಹೆಸರು ಬಂತು, ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಟು ಥ್ರೆಡ್‌ಗೆ ಎಂಟು ಡಬ್ಬಿ! ಹೊಸ ಡ್ರೈವರ್ ಏನೂ ಕೇಳಲಿಲ್ಲ.

ಏಪ್ರಿಲ್: ಬಿಸಿಲಿನ ಪರೀಕ್ಷೆ

ಪ್ರೊಸೆಸರ್ ವೇಗ ಅಳೆಯೋ ಸಿನೆಬೆಂಚ್‌ನಲ್ಲಿ ಎಲ್ಲಾ ಕೋರ್ ಓಡಿಸಿದರೆ ಅಂಕ ಹಳೆಯದರ ಸುಮಾರು ಎರಡು ಪಟ್ಟು. ಒಂದೇ ಕೋರಿನ ಅಂಕದಲ್ಲಿ ಅಂಥ ಫರಕಿಲ್ಲ, 3.1 ಗಿಗಾಹರ್ಟ್ಸ್ ಇದ್ದದ್ದು 3.2 ಆಗಿದೆ ಅಷ್ಟೇ.

ಜಿಟಿಎ 5ರಲ್ಲಿ ಸರಾಸರಿ ಫ್ರೇಮ್ ದರ (ಸೆಕೆಂಡಿಗೆ ಮೂಡೋ ಚಿತ್ರಗಳ ಲೆಕ್ಕ) ಹೇಳಿಕೊಳ್ಳುವಷ್ಟು ಏರಲಿಲ್ಲ, ಯಾಕಂದ್ರೆ ಅಲ್ಲಿ ಗ್ರಾಫಿಕ್ಸ್ ಚಿಪ್ಪೇ ಅಡ್ಡಗೋಡೆ. ಹೋಗಿದ್ದು ಜರ್ಕ್. ಊರೊಳಗೆ ಜೋರಾಗಿ ಕಾರ್ ಓಡಿಸುವಾಗ ಮೊದಲು ಚಿತ್ರ ಕ್ಷಣ ಕ್ಷಣಕ್ಕೂ ತಡವರಿಸುತ್ತಿತ್ತು, ಎರಡು ಕೋರ್ ನೂರಕ್ಕೆ ನೂರು ತುಂಬಿರುತ್ತಿದ್ದವು. ಈಗ ಸರಾಗ. ಸಿಟೀಸ್ ಸ್ಕೈಲೈನ್ಸ್‌ನಲ್ಲಿ ಊರು ದೊಡ್ಡದಾದ ಮೇಲೂ ಆಟ ತೆವಳುತ್ತಿಲ್ಲ. ಬರೀ ಸರಾಸರಿ ಅಂಕಿ ನೋಡೋರಿಗೆ ಈ ಖರ್ಚು ದಂಡ ಅನ್ನಿಸಬಹುದು. ಆಡೋರಿಗೆ ಗೊತ್ತಾಗುತ್ತದೆ.

ಇನ್ನು ಬಿಸಿ. ಬೆಳಿಗ್ಗೆ ಕೋಣೆ 28 ಡಿಗ್ರಿ ಇದ್ದಾಗ ಪ್ರೊಸೆಸರ್ ಪೂರ್ತಿ ಓಡಿಸಿದರೆ 78ಕ್ಕೆ ನಿಲ್ಲುತ್ತಿತ್ತು. ಅಂದ್ರೆ 37 ವ್ಯಾಟ್‌ಗೆ ಕೋಣೆಗಿಂತ 50 ಡಿಗ್ರಿ ಮೇಲೆ. ಮಧ್ಯಾಹ್ನ ಕೋಣೆ 40 ಆದಾಗ 90. ಅದೇ ಲೆಕ್ಕದಲ್ಲಿ 47 ವ್ಯಾಟ್ ಚಿಪ್ ಕೋಣೆಗಿಂತ 63 ಡಿಗ್ರಿ ಮೇಲೆ ಹೋಗಬೇಕು. 40ಕ್ಕೆ ಸೇರಿಸಿದರೆ 103. ಈ ಚಿಪ್‌ಗಳ ಮಿತಿ 100, ಅಲ್ಲಿ ತಾನಾಗಿ ವೇಗ ಇಳಿಸಿಬಿಡುತ್ತದೆ. ಹುಡುಗನಿಗೆ ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದೆ. "ಹಂಗಾದ್ರ ಬ್ಯಾಸಗಿ ಮಧ್ಯಾಹ್ನ 4700 ಅನ್ನೋದು 4702 ಆಗತದ ಅನ್ನು ಮಾಮಾ" ಅಂದ. ಅಷ್ಟೇ ಮಾತು.

ಥ್ರಾಟಲ್‌ಸ್ಟಾಪ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕೋರ್ ಮತ್ತು ಕ್ಯಾಶ್ ವೋಲ್ಟೇಜ್ 60 ಮಿಲಿವೋಲ್ಟ್ ಇಳಿಸಿದೆವು, ಹತ್ತು ಹತ್ತಾಗಿ ಇಳಿಸುತ್ತಾ, ಪ್ರತಿ ಸಲ ಆಟ ಆಡಿ ನೋಡುತ್ತಾ. ಪೂರ್ತಿ ಲೋಡ್‌ನಲ್ಲಿ ಬಿಸಿ ಅಷ್ಟೇನೂ ಇಳಿಯಲಿಲ್ಲ, ಅಲ್ಲಿ ಚಿಪ್ 37 ವ್ಯಾಟ್ ಪೂರ್ತಿ ಬಳಸುತ್ತದೆ, ಅಷ್ಟರಲ್ಲೇ ಹೆಚ್ಚು ವೇಗ ಕೊಡುತ್ತದೆ. ಆಟದಲ್ಲಿ ಮಾತ್ರ ಬಿಸಿ ಚೂರು ಕಡಿಮೆ.

ಏರ್ ಕೂಲರ್ ಮುಂದೆಯೇ ಲ್ಯಾಪ್‌ಟಾಪ್ ಇಡೋ ಅಭ್ಯಾಸ ನಮ್ಮ ಕಡೆ ಇದೆ. ಕೂಲರ್ ಕೋಣೆ ತಂಪು ಮಾಡಲಿ, ಅದರ ಗಾಳಿ ನೇರ ಲ್ಯಾಪ್‌ಟಾಪ್‌ಗೆ ಬಡಿಯೋದು ಬೇಡ. ಪ್ಯಾಡ್‌ನಿಂದ ಹನಿ ಹಾರುತ್ತದೆ.

ವಿಂಡೋಸ್ 11 ಇದಕ್ಕೆ ಅಧಿಕೃತವಾಗಿ ಸಿಗಲ್ಲ, ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್‌ಗೆ, ಕೆಲವನ್ನು ಬಿಟ್ಟರೆ, ಮೈಕ್ರೋಸಾಫ್ಟ್ ಒಪ್ಪಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಓದಿಗೆ, ಬ್ಯಾಂಕ್ ಕೆಲಸಕ್ಕೆ ಪಕ್ಕದಲ್ಲಿ ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದೇನೆ. ವಿಂಡೋಸ್ ಆಟಕ್ಕೆ ಮಾತ್ರ.

ಬಾಕಿ ಇರೋದು ಬ್ಯಾಟರಿ. ಕರೆಂಟ್ ಕಣ್ಣು ಮುಚ್ಚಿ ಬಿಟ್ಟರೂ ಲ್ಯಾಪ್‌ಟಾಪ್ ಆಫ್ ಆಗುತ್ತದೆ. ಬ್ಯಾಟರಿ ತೆಗೆದಿಟ್ಟು ಬರೀ ಚಾರ್ಜರ್ ಮೇಲೆ ಓಡಿಸಿದರೆ ಕೆಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳು ವೇಗವನ್ನೇ ತಗ್ಗಿಸುತ್ತವೆ, ಆ ದಾರಿ ಬೇಡ. ಅಕ್ಕ ಕೊಟ್ಟ ಬಜೆಟ್‌ನಲ್ಲಿ ಇನ್ನೂ ಎರಡು ಸಾವಿರದ ಚಿಲ್ಲರೆ ಉಳಿದಿದೆ. ಆ ದುಡ್ಡಿಗೆ ಒಳ್ಳೆ ಸೆಲ್ ಇರುವ ಬ್ಯಾಟರಿ ಸಿಗುತ್ತಾ ಅಂತ ವಿಚಾರಿಸುತ್ತಿದ್ದೇನೆ. ಹುಡುಗ ಅದೇ ದುಡ್ಡಲ್ಲಿ ಗೇಮಿಂಗ್ ಮೌಸ್ ಕೇಳುತ್ತಿದ್ದಾನೆ.